ಚಿಗುರಣ್ಣ ಸವರಿದ ತೋಟ

ತೋಟದ ಮನೆ, ಅಡುಗೆಮನೆಯ ಮೇಜು
ನವೆಂಬರ್ ೧೮, ಮಂಗಳವಾರ

ಗಿಣಿ,

‘ಪ್ರೀತಿಯ’ ಎಂದು ಬರೆದು, ಹೊಡೆದುಹಾಕಿ, ಹಾಳೆ ಗಲೀಜಾಯಿತೆಂದು ಈಗ ಎರಡನೆಯ ಹಾಳೆ ತೆಗೆದುಕೊಂಡಿದ್ದೇನೆ. ಹೇಗಿದ್ದೀಯ? ಚೆನ್ನಾಗಿಯೇ ಇದ್ದೀಯ ಎಂದು ನನಗೆ ಗೊತ್ತು. ದಿನಕ್ಕೊಬ್ಬರಾದರೂ ನಿನ್ನ ಮುಖವನ್ನು ತಮ್ಮ ಫೋನಿನಲ್ಲಿ ತಂದು ನನ್ನ ಮೂಗಿನ ಕೆಳಗೆ ಹಿಡಿಯುತ್ತಾರೆ. ಕೆನ್ನೆ ತುಂಬಿಕೊಂಡಿದೆ, ದನಿ ಖಣಖಣ ಎನ್ನುತ್ತಿದೆ. ಆದರೂ ಅಮ್ಮ ಕೇಳು ಎಂದಿದ್ದಾಳೆ, ಅದಕ್ಕೆ ಕೇಳುತ್ತಿದ್ದೇನೆ: ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಎಡಗಿವಿಯ ನೋವು ಹೋಯಿತಾ? ಉತ್ತರ ಅಮ್ಮನಿಗೆ ಬರೆ. ನನಗೆ ನಿನ್ನ ಕಿವಿ ಇದ್ದರೆಷ್ಟು, ಹೋದರೆಷ್ಟು. ನಾನು ಹೇಳಿದ ಒಂದು ಮಾತನ್ನಾದರೂ ಅದು ಒಳಗೆ ಬಿಟ್ಟುಕೊಂಡಿದ್ದರೆ ಈ ಕಾಗದ ಬರೆಯುವ ಕೆಲಸವೇ ಇರುತ್ತಿರಲಿಲ್ಲ. ಇಲ್ಲಿ ಅಮ್ಮನ ಕಣ್ಣು ಆಪರೇಷನ್ ಆದ ಮೇಲೆ ಚೆನ್ನಾಗಿದೆ, ದೂರದ ಬಸ್ಸಿನ ಬೋರ್ಡನ್ನು ನನಗಿಂತ ಮೊದಲು ಓದುತ್ತಾಳೆ. ನಿನ್ನ ಭಾವನಿಗೆ ಲಾರಿ ಓಡಿಸಿ ಓಡಿಸಿ ಸೊಂಟ ಹಿಡಿದುಕೊಂಡಿದೆ, ಆದರೂ ಬೈಯುವುದು ಲಾರಿಯನ್ನಲ್ಲ, ನಿನ್ನನ್ನು.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ಎಷ್ಟು ಸಲ ಮಾಡಿದೆ! ಒಮ್ಮೆ ‘ಅಕ್ಕಾ, ಲೈವ್‌ನಲ್ಲಿದೀನಿ, ಆಮೇಲೆ’ ಎಂದೆ. ಇನ್ನೊಮ್ಮೆ ‘ಅಕ್ಕಾ, ಪ್ಲೀಸ್, ನೆಗೆಟಿವ್ ಮಾತು ಬೇಡ, ನನ್ನ ಎನರ್ಜಿ ಹಾಳಾಗುತ್ತೆ’ ಎಂದೆ. ನನ್ನ ತೋಟ ಹಾಳಾದ ಸುದ್ದಿ ಕೇಳಿದರೆ ನಿನ್ನ ಎನರ್ಜಿ ಹಾಳಾಗುತ್ತದೆ, ಪಾಪ. ಕೊನೆಗೆ ನಿನ್ನ ವಿಡಿಯೋದ ಕೆಳಗೆ ನಾನೇ ಬರೆದೆ. ‘ಇದು ನನ್ನ ತೋಟ. ಹೀಗೆ ಕೊಂಬೆ ಸವರಿದ್ದರಿಂದ ಮರಗಳಿಗೆಲ್ಲ ಕಜ್ಜಿ ಹತ್ತಿದೆ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ.’ ಇಷ್ಟೇ. ನಿನ್ನ ಹೆಸರೆತ್ತಲಿಲ್ಲ, ಬೈಯಲಿಲ್ಲ. ಸಂಜೆಯೊಳಗೆ ಅದು ಮಾಯ. ಮತ್ತೆ ಬರೆಯೋಣವೆಂದರೆ ಬರೆಯುವ ಜಾಗವೇ ಕಾಣಲಿಲ್ಲ. ಫೋನು ಕೆಟ್ಟಿರಬೇಕೆಂದು ಮೊಬೈಲ್ ಅಂಗಡಿಗೆ ಒಯ್ದರೆ, ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ, ನಗು ತಡೆದುಕೊಂಡು, ‘ಫೋನ್ ಸರಿ ಇದೆ ಅಕ್ಕಾ, ಚಿಗುರಣ್ಣ ನಿಮ್ಮನ್ನ ಬ್ಲಾಕ್ ಮಾಡಿದಾರೆ, ವಿಡಿಯೋ ನೋಡಬಹುದು, ಬರೆಯೋಕಾಗಲ್ಲ’ ಎಂದ. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಊರಿಗೆಲ್ಲ ಅಣ್ಣನಾದವನು ಒಡಹುಟ್ಟಿದ ಅಕ್ಕನ ಮುಖಕ್ಕೆ ಬಾಗಿಲು ಹಾಕಿದ್ದನ್ನು ನಾನು ಪರರ ಬಾಯಿಂದ ಕೇಳಬೇಕಾಯಿತು. ಕಾಗದವನ್ನು ಬ್ಲಾಕ್ ಮಾಡಲು ಬರುವುದಿಲ್ಲ, ಅದಕ್ಕೇ ಕಾಗದ.

ನಿನಗೆ ಮಾತಿನ ವರ ಇದೆ, ಅದನ್ನು ನಾನು ಯಾವತ್ತೂ ಇಲ್ಲವೆಂದಿಲ್ಲ. ತೊದಲು ನುಡಿಯುವಾಗಲೇ ಬಸ್ ಕಂಡಕ್ಟರನ ಕೂಗನ್ನು ಹಾಗೆ ಹಾಗೇ ಒಪ್ಪಿಸುತ್ತಿದ್ದೆ ಎಂದು ಅಮ್ಮ ಗಿಣಿ ಎಂದು ಕರೆದದ್ದು. ಆಮೇಲೆ ಸಂತೆಗಳಲ್ಲಿ ಪ್ರೆಶರ್ ಕುಕ್ಕರ್ ಮಾರಿದೆ, ಬಾಡಿಗೆ ಮನೆಯ ತಾರಸಿಯಲ್ಲಿ ಟೊಮೇಟೊ ಬೆಳೆದು ಅದರ ವಿಡಿಯೋ ಮಾಡಿದೆ, ಜನ ಮೆಚ್ಚಿದರು, ಚಿಗುರಣ್ಣನಾದೆ. ಸಂತೋಷವೇ ಆಗಿತ್ತು. ನಾನೂ ಸಂಜೆ ಕೆಲಸವೆಲ್ಲ ಮುಗಿಸಿ ಕಾಲು ಚಾಚಿಕೊಂಡು ನೋಡಿ ನಕ್ಕವಳೇ. ಆದರೆ ಕುಂಡದ ಟೊಮೇಟೊ ಬೇರೆ, ನಿಂಬೆ ಮರ ಬೇರೆ. ಟೊಮೇಟೊ ಹಾಳಾದರೆ ಬೇರೆ ಗಿಡ ನೆಟ್ಟುಕೊಳ್ಳುತ್ತೀಯ. ನಾನು ಮದುವೆಯಾಗಿ ಈ ಮನೆಗೆ ಬಂದ ಮೇಲೆ ಒಂದೊಂದೇ ಸಾಲು ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಮರಗಳು ಅವು. ಅವುಗಳ ಮುಂದೆ ನಿಂತು ನೀನು ‘ಸ್ನೇಹಿತರೇ, ಮರಕ್ಕೆ ಹೆದರಬೇಡಿ, ಮರ ನಿಮಗೆ ಹೆದರಬೇಕು’ ಎಂದು ಗರಗಸ ಎತ್ತಿ ಹಿಡಿದೆಯಲ್ಲ, ಅದನ್ನು ನೋಡಿದಾಗೆಲ್ಲ ಪರದೆಯೊಳಗೆ ಕೈ ಹಾಕಿ ನಿನ್ನ ಕಿವಿ ಹಿಂಡಬೇಕು ಅನ್ನಿಸುತ್ತದೆ. ಎಡಗಿವಿಯನ್ನೇ.

ಆವತ್ತಿನದನ್ನು ನೀನು ಮರೆತಿರಬಹುದು, ನಾನು ಮರೆತಿಲ್ಲ. ಮಳೆ ಹಿಡಿದುಕೊಂಡಿತ್ತು. ನೀನು ರಜೆ ಎಂದು ಬಂದಿದ್ದೆ. ಯಾವುದೋ ಕಂಪನಿಯವರು ವಿಡಿಯೋದಲ್ಲಿ ತೋರಿಸಲೆಂದು ಪುಕ್ಕಟೆ ಕೊಟ್ಟ ಬ್ಯಾಟರಿ ಗರಗಸವನ್ನು ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಅಮ್ಮನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೊರಟಾಗ ನಾನು ಬಾಗಿಲಲ್ಲಿ ನಿಂತು ನಿನಗೆ ಏನು ಹೇಳಿದೆ? ಗೇಟು ಹಾಕಿಕೊಂಡಿರು, ಮೇಕೆ ನುಗ್ಗುತ್ತವೆ ಎಂದೆ. ಚರಂಡಿ ಪಕ್ಕದ ಮೂಲೆಯಲ್ಲಿ ಕೆಂಪು ಬಟ್ಟೆ ಕಟ್ಟಿದ ಮರ ಇದೆಯಲ್ಲ, ಅದರ ಹತ್ತಿರ ಮಾತ್ರ ಹೋಗಬೇಡ ಎಂದೆ. ಯಾಕೆಂದೂ ಹೇಳಿದೆ. ಅದರ ಎಲೆಯ ಮೇಲೆ ಕಂದು ಬಣ್ಣದ ಒರಟು ಹುಣ್ಣು, ಸುತ್ತ ಹಳದಿ ಉಂಗುರ, ಕಾಯಿಯ ಮೇಲೂ ಅದೇ. ನಿಂಬೆಗೆ ಬರುವ ಕಜ್ಜಿ ಅದು. ಒದ್ದೆಯಿರುವಾಗ ಮುಟ್ಟಿದರೆ ಮುಟ್ಟಿದ ಕೈಗೆ, ಕತ್ತರಿಗೆ, ಬಟ್ಟೆಗೆಲ್ಲ ಅಂಟಿಕೊಂಡು ಬರುತ್ತದೆ. ಬಿಸಿಲು ಬಿದ್ದು ಒಣಗಿದ ಮೇಲೆ ನಾನೇ ಕಡಿದು ಅಲ್ಲೇ ಸುಟ್ಟುಹಾಕುತ್ತೇನೆ ಎಂದೆ. ನೀನು ಫೋನಿನಿಂದ ತಲೆ ಎತ್ತದೆ ‘ಹೂಂ ಅಕ್ಕಾ, ಆಯ್ತಕ್ಕಾ, ನಡಿ ಅಕ್ಕಾ’ ಎಂದೆ. ಮೂರು ಸಲ ಅಕ್ಕಾ ಎಂದೆ. ಅಷ್ಟು ವಿನಯ ಕಂಡಾಗಲೇ ನನಗೆ ಅನುಮಾನ ಬರಬೇಕಿತ್ತು.

ಮಾರನೆಯ ದಿನ ಸಂಜೆ, ಕಣ್ಣಿಗೆ ಪಟ್ಟಿ ಕಟ್ಟಿದ ಅಮ್ಮನ ಕೈ ಹಿಡಿದು ಆಟೋದಿಂದ ಇಳಿದೆ. ಗೇಟಿನಿಂದ ನೋಡಿದರೆ ತೋಟದ ಆಚೆ ಕಡೆಯ ಗೋಡೆ ಕಾಣುತ್ತಿದೆ. ಆ ಗೋಡೆಯನ್ನು ನಾನು ಈ ಗೇಟಿನಿಂದ ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಮರಗಳು ಬಟ್ಟೆ ಕಳಚಿದ ಹಾಗೆ ನಿಂತಿದ್ದವು. ಕೊಂಬೆ ಇದ್ದ ಕಡೆಯೆಲ್ಲ ಒಂದೊಂದು ಗೇಣಿನ ಮೋಟು, ಗೋಡೆಗೆ ಹೊಡೆದ ಗೂಟದ ಹಾಗೆ. ಜಿಟಿಜಿಟಿ ಮಳೆ ಆ ಹಸಿ ಗಾಯಗಳ ಮೇಲೆ ಇಳಿಯುತ್ತಿತ್ತು. ನೀನು ನನ್ನ ಎದುರಿಗೆ ಕ್ಯಾಮೆರಾ ಹಿಡಿದು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಾ ‘ಹೇಗಿದೆ ಅಕ್ಕಾ ಸರ್‌ಪ್ರೈಸು?’ ಎನ್ನುತ್ತಿದ್ದೆ. ನನ್ನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಅದನ್ನು ವಿಡಿಯೋಕ್ಕೆ ಹಾಕಿ, ಕೆಳಗೆ ದೊಡ್ಡ ಅಕ್ಷರದಲ್ಲಿ ‘ಅಕ್ಕನ ಆನಂದಕ್ಕೆ ಮಾತೇ ಇಲ್ಲ’ ಎಂದು ಬರೆದೆ. ಆ ಬಾಯಿ ನೋಡಿ ಜನ ಹೃದಯದ ಗುರುತು ಒತ್ತಿದ್ದಾರೆ. ನನ್ನ ಸಂಕಟವನ್ನು ಆನಂದವೆಂದು ಮಾರಿಕೊಂಡವನು ನೀನು.

ಆಮೇಲೆ ನಾನು ಕೇಳಿದ್ದು ಎರಡೇ ಪ್ರಶ್ನೆ. ಯಾವ ಮರದಿಂದ ಶುರು ಮಾಡಿದೆ? ‘ಕೆಂಪು ಬಟ್ಟೆ ಮರದಿಂದಾನೇ ಅಕ್ಕಾ, ರೋಗದ ಮರದಿಂದ ಶುರು ಮಾಡಿದ್ರೆ ಕಥೆಗೆ ಒಂದು ಟೆನ್ಷನ್ ಬರುತ್ತೆ.’ ಗರಗಸವನ್ನು ನಡುವೆ ಸ್ಪಿರಿಟ್ ಹಾಕಿ ಒರೆಸಿದೆಯಾ? ‘ಅಯ್ಯೋ, ಹೊಸ ಬ್ಲೇಡು ಅಕ್ಕಾ, ಅದಕ್ಕೇನು ಕೊಳೆ ಇರುತ್ತೆ?’ ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಅಮ್ಮ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣು ಮಂಜು, ಏನೂ ಕಾಣದೆ ‘ಗಾಳಿ ಚೆನ್ನಾಗಿ ಬರ್ತಿದೆ ಅಲ್ವೇನೇ? ಒಳ್ಳೇ ಕೆಲಸ ಮಾಡ್ದ ನೋಡು’ ಎಂದಳು. ನೀನು ಅಮ್ಮನ ಬೆನ್ನ ಹಿಂದೆ ನಿಂತು ಹಲ್ಲು ಕಿರಿದೆ.

ಸವರುವುದೇ ತಪ್ಪು ಎಂದು ನಾನು ಹೇಳುತ್ತಿದ್ದೇನೆ ಎಂದು ನಿನ್ನ ಹಿಂಬಾಲಕರಿಗೆ ಹೇಳಬೇಡ. ನೀನು ಅದಕ್ಕೂ ಹೇಸುವವನಲ್ಲ. ನಾನು ಪ್ರತಿವರ್ಷ ಸವರುತ್ತೇನೆ, ಕೈಯಲ್ಲಿ ಕತ್ತರಿಯ ಗುಳ್ಳೆ ಇನ್ನೂ ಇದೆ. ದಟ್ಟವಾಗಿ ಬೆಳೆಯಲು ಬಿಟ್ಟರೆ ಮರದ ಒಳಗೆ ಗಾಳಿಯಾಡುವುದಿಲ್ಲ, ಎಲೆಯ ಮೇಲಿನ ನೀರು ಮಧ್ಯಾಹ್ನವಾದರೂ ಆರುವುದಿಲ್ಲ, ಆ ತೇವದಲ್ಲಿ ಬೂಷ್ಟು ಹಿಡಿಯುತ್ತದೆ, ಹಿಟ್ಟಿನಂಥ ತಿಗಣೆ ಗೂಡುಕಟ್ಟುತ್ತದೆ, ಸಿಂಪಡಿಸಿದ ಔಷಧಿ ಒಳಗೆ ತಲುಪುವುದೇ ಇಲ್ಲ. ಒಣಕಲು ಕಡ್ಡಿಯಲ್ಲಿ ರೋಗ ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಮಲಗಿರುತ್ತದೆ. ಅದಕ್ಕೇ ತೆಗೆಯಬೇಕು. ಆದರೆ ಕಾಯಿ ಇಳಿಸಿದ ಮೇಲೆ, ಒಣ ಹವೆ ನೋಡಿ, ಸತ್ತ ಕಡ್ಡಿ, ಒಂದಕ್ಕೊಂದು ಉಜ್ಜುವ ಕೊಂಬೆ, ನೆಟ್ಟಗೆ ಮೇಲಕ್ಕೆ ನುಗ್ಗಿ ಹಣ್ಣು ಕೊಡದ ನೀರುಚಿಗುರು, ಇಷ್ಟನ್ನು ಮಾತ್ರ. ಕೊಂಬೆ ಕಾಂಡಕ್ಕೆ ಸೇರುವ ಕಡೆ ಒಂದು ಉಬ್ಬು ಇರುತ್ತದೆ. ಅದನ್ನು ಬಿಟ್ಟು ಅದರ ಪಕ್ಕಕ್ಕೇ ಕತ್ತರಿಸಿದರೆ ಮರ ತಾನೇ ಗಾಯ ಮುಚ್ಚಿಕೊಳ್ಳುತ್ತದೆ. ಗೇಣುದ್ದ ಮೋಟು ಬಿಟ್ಟರೆ ಅದು ಮುಚ್ಚಲಾಗದ ಬಾಗಿಲು. ಒಣಗಿ ಸಾಯುತ್ತದೆ, ಸತ್ತ ಕಟ್ಟಿಗೆಯ ಜಾಡು ಹಿಡಿದು ಕೊರೆಯುವ ಹುಳ ಬರುತ್ತದೆ. ಇದನ್ನೆಲ್ಲ ನಾನು ಆವತ್ತು ಹೇಳಹೊರಟರೆ ನೀನು ‘ಗಾಳಿ ಬೆಳಕು ಬೇಕು ಅಂತ ನೀನೇ ಹೇಳ್ತಿದ್ಯಲ್ಲ’ ಎಂದೆ. ಹೌದು, ಹೇಳುತ್ತಿದ್ದೆ. ಗಿಣಿ ನೀನು, ಅಷ್ಟನ್ನು ಮಾತ್ರ ಕಲಿತೆ.

ನೀನು ಹೊರಡುವ ಹೊತ್ತಿಗೆ ಮರಗಳೆಲ್ಲ ಚಿಗುರಿದವು. ನೀನು ಅದರ ಮುಂದೆ ನಿಂತು ಎರಡನೆಯ ವಿಡಿಯೋ ಮಾಡಿದೆ, ‘ನೋಡಿ, ಚಿಗುರಣ್ಣ ಕೈ ಹಾಕಿದ್ರೆ ಸುಮ್ನೆ ಅಲ್ಲ’ ಎಂದೆ. ಅಷ್ಟು ಕಡಿದರೆ ಯಾವ ಮರವಾದರೂ ಜೀವ ಉಳಿಸಿಕೊಳ್ಳಲು ಇದ್ದಬದ್ದ ಶಕ್ತಿಯನ್ನೆಲ್ಲ ಹೊರಹಾಕಿ ಚಿಗುರುತ್ತದೆ. ಅದು ಸಂತೋಷದ ಚಿಗುರಲ್ಲ. ನಿನ್ನ ಬಸ್ಸು ಹೊರಟ ವಾರದಲ್ಲೇ ಆ ಎಳೆ ಎಲೆಗಳ ಮೇಲೆ ಬೆಳ್ಳಿಯ ಗೆರೆಗಳು ಕಾಣಿಸಿಕೊಂಡವು, ಮಗು ಪೆನ್ಸಿಲ್ ಹಿಡಿದು ಗೀಚಿದ ಹಾಗೆ. ಎಲೆಯ ಸಿಪ್ಪೆಯ ಕೆಳಗೇ ಸುರಂಗ ಕೊರೆದು ತಿನ್ನುವ ಸಣ್ಣ ಹುಳ ಅದು. ಬಲಿತ ಎಲೆಯನ್ನು ಮೂಸಿಯೂ ನೋಡುವುದಿಲ್ಲ, ಎಳೆಯದೇ ಬೇಕು. ನಿನ್ನ ದಯೆಯಿಂದ ಇಡೀ ತೋಟವೇ ಎಳೆಯದು. ಎಲೆಗಳು ಮುರುಟಿದವು. ಹುಳ ಕೊರೆದ ಪ್ರತಿ ಗೆರೆಯೂ ಒಂದು ಗಾಯ, ನಿನ್ನ ಗರಗಸ ಮರದಿಂದ ಮರಕ್ಕೆ ಹೊತ್ತು ತಂದ ಕಜ್ಜಿಗೆ ಒಳಹೋಗಲು ಅದೇ ದಾರಿ. ಮಳೆ ಬಿಡುವ ಹೊತ್ತಿಗೆ ಮೂಲೆಯ ಒಂದು ಮರದಲ್ಲಿದ್ದದ್ದು ಮನೆಯ ಹಿಂಬಾಗಿಲಿನವರೆಗೆ ಬಂದಿತ್ತು. ‘ಕಡಿದದ್ದನ್ನ ಬುಡಕ್ಕೇ ಹಾಕಿ, ಗೊಬ್ಬರ ಆಗುತ್ತೆ’ ಎಂದು ರೋಗದ ಕೊಂಬೆಯನ್ನೂ ಒಳ್ಳೆಯ ಮರದ ಬುಡಕ್ಕೆ ಹಾಕಿದ್ದೆಯಲ್ಲ, ಅದನ್ನು ನಾನು ಮತ್ತು ನಿನ್ನ ಭಾವ ಮಳೆಯಲ್ಲಿ ನೆನೆದು ಹೊರಗೆ ಸಾಗಿಸಿದೆವು. ಅವರ ಸೊಂಟ ಹಿಡಿದದ್ದು ಲಾರಿಯಿಂದ ಅಂತ ಮೇಲೆ ಬರೆದೆ. ಸುಳ್ಳು. ಅದರಿಂದ.

ನನ್ನ ತೋಟದ ಮಾತು ಬಿಡು, ನೀನು ನನ್ನ ತಮ್ಮ, ನನ್ನ ಹಣೆಬರಹ ಅಂದುಕೊಳ್ಳುತ್ತೇನೆ. ಪಕ್ಕದ ತೋಟದ ದರ್ಜಿ ಮಾಮ ನಿನಗೆ ಏನು ಮಾಡಿದ್ದ? ಬಸ್ ನಿಲ್ದಾಣದ ಎದುರು ಒಂದು ಕೋಣೆಯಲ್ಲಿ ಹೊಲಿಗೆ ಮಷಿನ್ ತುಳಿದು ಮೊಣಕಾಲು ಸವೆಸಿಕೊಂಡ ಮನುಷ್ಯ. ತುಳಿಯಲಾಗದ ಕಾಲಕ್ಕೆ ಇರಲಿ ಎಂದು ಆ ತುಂಡು ನೆಲದಲ್ಲಿ ನಿಂಬೆ ಹಾಕಿದ್ದ. ನೀನು ಹೋಗುವ ಮುಂಚೆ ಗರಗಸವನ್ನು ದೊಡ್ಡ ಮನಸ್ಸು ಮಾಡಿ ಅವನಿಗೆ ಕೊಟ್ಟು ಹೋದೆ. ಅವನು ನಿನ್ನ ವಿಡಿಯೋವನ್ನು ಮತ್ತೆ ಮತ್ತೆ ನೋಡಿ, ‘ಒಂದು ಗೇಣು ಬಿಟ್ಟು ಕತ್ತರಿಸಿ’ ಎಂದದ್ದನ್ನು ಕೇಳಿ, ಅಳತೆ ತಪ್ಪಬಾರದೆಂದು ಅಂಗಡಿಯಿಂದ ಟೇಪ್ ತಂದು, ಪ್ರತಿ ಕೊಂಬೆಯನ್ನೂ ಅಳೆದು ಗುರುತು ಹಾಕಿ ಕತ್ತರಿಸಿದ. ಅಷ್ಟು ಶ್ರದ್ಧೆಯಿಂದ ತನ್ನ ತೋಟವನ್ನು ತಾನೇ ಕೊಂದುಕೊಂಡವನನ್ನು ನಾನು ಬೇರೆ ಕಂಡಿಲ್ಲ. ಕಜ್ಜಿ ಬಂತು. ನೆರಳು ಹೋದ ಕಾಂಡಗಳ ತೊಗಟೆ ಬಿಸಿಲಿಗೆ ಬೆಂದು ಬಿರಿಯಿತು. ಬಿರುಕಿನಲ್ಲಿ ಹುಳ ಮೊಟ್ಟೆಯಿಟ್ಟಿತು. ಬುಡದಲ್ಲಿ ಹಿಟ್ಟಿನ ಗಿರಣಿಯ ಮುಂದೆ ಬಿದ್ದಿರುವಂತೆ ಮರದ ಪುಡಿ ಬೀಳತೊಡಗಿತು.

ಒಂದು ಬೆಳಿಗ್ಗೆ ಹಾಲಿಗೆಂದು ಬಾಗಿಲು ತೆಗೆದರೆ ನಮ್ಮ ಗೇಟಿಗೆ ಅಡ್ಡಲಾಗಿ ಕಜ್ಜಿ ಹಿಡಿದ ಕೊಂಬೆಗಳ ರಾಶಿ. ಗೇಟಿನ ಚಿಲಕಕ್ಕೆ ನಿನ್ನ ಗರಗಸ ನೇತು ಹಾಕಿದೆ. ಆಚೆ ದರ್ಜಿ ಮಾಮ ನಿಂತಿದ್ದ. ನನ್ನ ಮದುವೆಯ ರವಿಕೆ ಹೊಲಿದವನು, ಒಂದು ದಿನವೂ ನನಗೆ ಏರುದನಿಯಲ್ಲಿ ಮಾತಾಡದವನು. ‘ತಗೋ, ನಿಮ್ಮನೇದು ನಿಮ್ಮನೇಗೇ ಇರ್ಲಿ’ ಎಂದ. ಮಾಮ, ನನ್ನ ತೋಟವೂ ಹೋಗಿದೆ ನೋಡು ಬಾ ಎಂದೆ. ‘ನಿನ್ನದು ಹೋದ್ರೆ ನಿನ್ನ ತಮ್ಮ ಇದಾನೆ. ನಾನು ಬಟ್ಟೆ ತಪ್ಪಿ ಕತ್ತರಿಸಿದ್ರೆ ಹೊಸ ಬಟ್ಟೆ ತಂದು ಹೊಲಿದು ಕೊಡ್ತೀನಿ ಕಣಮ್ಮಾ. ಅವನು ಏನು ತಂದು ಕೊಡ್ತಾನೆ, ಹೇಳು?’ ಎಂದ. ಆ ರಾಶಿಯನ್ನು ಕೈಯಾರೆ ಎತ್ತಿ ಹಿತ್ತಲಿನ ಗುಂಡಿಗೆ ಹಾಕಿ ಸುಟ್ಟೆ. ಗರಗಸವನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿ ಅಟ್ಟದ ಮೇಲೆ ಎಸೆದಿದ್ದೇನೆ. ಆವತ್ತಿನಿಂದ ಅವನು ನಮ್ಮ ಗೇಟಿನ ಮುಂದೆ ಹಾದುಹೋಗುವಾಗ ಮುಖ ಆಚೆ ತಿರುಗಿಸುತ್ತಾನೆ. ನಿನ್ನ ವಿಡಿಯೋ ನೋಡಿ ಕಡಿದವರು ಈ ಬೀದಿಯಲ್ಲೇ ಇನ್ನೂ ಇದ್ದಾರೆ. ಅಂಗಡಿಗೆ ಹೋದರೆ ಮಾತು ನಿಲ್ಲುತ್ತದೆ, ನಾನು ಆಚೆ ಬಂದ ಮೇಲೆ ಶುರುವಾಗುತ್ತದೆ. ಮಂಡಿಯವನು ನಮ್ಮ ಬುಟ್ಟಿಯನ್ನು ಬಿಚ್ಚಿ ನೋಡಿ, ಕಾಯಿಯ ಮೇಲಿನ ಹುಣ್ಣನ್ನು ಉಗುರಿನಲ್ಲಿ ಕೆರೆದು, ಬುಟ್ಟಿಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ. ಕೈಯಿಂದಲೂ ಅಲ್ಲ.

ಕೊನೆಗೆ ತೋಟಗಾರಿಕೆ ಆಫೀಸಿಗೆ ಹೋಗಿ ಅಲ್ಲಿನ ಮೇಡಂರನ್ನು ಕರೆತಂದೆ. ನಿನ್ನ ವಯಸ್ಸಿನವರೇ, ಆದರೆ ನಿನ್ನ ಹಾಗೆ ಬಡಬಡಿಸುವುದಿಲ್ಲ. ಮಸೂರ ಹಿಡಿದು ಒಂದೊಂದು ಮರದ ಮುಂದೆಯೂ ಮಂಡಿಯೂರಿ ಕೂತು ನೋಡಿದರು. ಎದ್ದಾಗಲೆಲ್ಲ ‘ಇದು ಉಳಿಯುತ್ತೆ’ ಅಥವಾ ‘ಇದು ಕಷ್ಟ’ ಎಂದರು. ಚರಂಡಿ ಕಡೆಯ ಸಾಲುಗಳನ್ನು ಬುಡಸಮೇತ ತೆಗೆದು ಸುಡಬೇಕು. ಉಳಿದವುಗಳಲ್ಲಿ ಹುಣ್ಣು ಇರುವ ಕಡ್ಡಿಯನ್ನು ಹುಣ್ಣಿಗಿಂತ ಸಾಕಷ್ಟು ಕೆಳಗೆ, ಆರೋಗ್ಯದ ಭಾಗದವರೆಗೆ ಕತ್ತರಿಸಬೇಕು, ನಿನ್ನ ಮೋಟುಗಳನ್ನೆಲ್ಲ ಮತ್ತೆ ಸರಿಯಾಗಿ ತೆಗೆಯಬೇಕು, ಒಂದು ಮರ ಮುಗಿದರೆ ಕತ್ತರಿಗೆ ಸ್ಪಿರಿಟ್, ದೊಡ್ಡ ಗಾಯಕ್ಕೆ ಮೈಲುತುತ್ತ ಮತ್ತು ಸುಣ್ಣದ ಮುಲಾಮು, ಹೊಸ ಚಿಗುರು ಬಂದಾಗ ಕಾವಲು. ಕೇಳಿದೆಯಾ ಗಿಣಿ? ಕಡಿತದಿಂದ ಬಂದ ಕೇಡನ್ನು ಕಡಿದೇ ತೆಗೆಯಬೇಕು, ಆದರೆ ಈ ಸಲ ತಿಳಿದು ಕಡಿಯಬೇಕು. ಈಗ ಒಣ ಹವೆ ಹಿಡಿದಿದೆ. ಬರುವ ಭಾನುವಾರ ಚರಂಡಿ ಕಡೆಯ ಸಾಲುಗಳಿಗೆ ಕೊಡಲಿ ಬೀಳುತ್ತದೆ. ಮೇಡಂ ಹೋಗುವಾಗ, ಇದು ಹೀಗೆ ಒಟ್ಟಿಗೇ ಇಷ್ಟೊಂದು ತೋಟಗಳಿಗೆ ಹೇಗೆ ಬಂತು ಎಂದು ಕೇಳಿದರು. ನಾನು ಫೋನು ತೆಗೆದು ನಿನ್ನನ್ನು ತೋರಿಸಿದೆ. ಪೂರ್ತಿ ನೋಡಿದರು. ‘ಚೆನ್ನಾಗಿ ಮಾತಾಡ್ತಾರೆ’ ಎಂದು ನಿಟ್ಟುಸಿರು ಬಿಟ್ಟರು.

ಅಮ್ಮನ ವಿಷಯ ಹೇಳುತ್ತೇನೆ, ಅದನ್ನು ಕೇಳಿದರಾದರೂ ನಿನಗೆ ತಟ್ಟುತ್ತದೋ ನೋಡೋಣ. ಇಷ್ಟು ದಿನ ಅವಳು ನಿನ್ನ ವಕೀಲೆ. ‘ಅವನು ಒಳ್ಳೇದಕ್ಕೇ ಮಾಡಿರ್ತಾನೆ ಬಿಡೇ, ಮರ ಅಂದ್ಮೇಲೆ ಹುಳ ಬರಲ್ವಾ?’ ಎಂದು ನನ್ನನ್ನೇ ಗದರುತ್ತಿದ್ದಳು. ಹಾಲಿನವಳಿಂದ ಹಿಡಿದು ಕರೆಂಟ್ ಬಿಲ್ಲಿನವನವರೆಗೆ ಎಲ್ಲರಿಗೂ ನಿನ್ನ ವಿಡಿಯೋ ತೋರಿಸಿ, ‘ನನ್ನ ಮಗ’ ಎನ್ನುತ್ತಿದ್ದಳು. ಎರಡನೆಯ ಕಣ್ಣಿನ ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ದಿನ, ಯಾರನ್ನೂ ಕರೆಯದೆ ಒಬ್ಬಳೇ ತೋಟಕ್ಕೆ ಇಳಿದಳು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಒಂದು ಎಲೆ ಕಿತ್ತಳು, ಬೆಳಕಿಗೆ ಹಿಡಿದಳು, ಬೆರಳಿನಿಂದ ಸವರಿದಳು. ಇನ್ನೊಂದು ಮರಕ್ಕೆ ಹೋದಳು, ಮತ್ತೊಂದಕ್ಕೆ ಹೋದಳು. ಒಳಗೆ ಬಂದವಳು ಕೈ ತೊಳೆದು, ನನ್ನ ಪಕ್ಕ ಕೂತು, ಸೊಪ್ಪು ಸೋಸತೊಡಗಿದಳು. ಒಂದು ಕಟ್ಟು ಮುಗಿದ ಮೇಲೆ ‘ಇಷ್ಟೊಂದು ಅಂತ ನೀನು ಯಾಕೇ ಹೇಳ್ಲಿಲ್ಲ?’ ಎಂದಳು. ದಿನಾ ಹೇಳುತ್ತಿದ್ದೆನಮ್ಮಾ ಎಂದೆ. ‘ನಾನು ಅವನ ಮಾತು ಕೇಳ್ತಿದ್ದೆ’ ಎಂದಳು. ಆಮೇಲೆ ಯಾರಿಗೂ ವಿಡಿಯೋ ತೋರಿಸಿಲ್ಲ. ನಿನ್ನ ಮೇಲೆ ಒಂದು ಕೆಟ್ಟ ಮಾತನ್ನೂ ಆಡಿಲ್ಲ. ಆಡಿದ್ದರೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ಈಗ ನಾನು ಹೇಳುವುದನ್ನು ಸರಿಯಾಗಿ ಓದು. ಆ ಎರಡು ವಿಡಿಯೋಗಳನ್ನೂ ಇವತ್ತೇ ತೆಗೆದುಹಾಕು. ನಿನ್ನ ಕ್ಷಮಾಪಣೆ ಬೇಡ, ನೀನು ಅದನ್ನೂ ಸಂಗೀತ ಹಾಕಿ ಮಾಡುತ್ತೀಯ. ಕೆಳಗೆ ‘ನಮ್ಮ ತೋಟಕ್ಕೆ ಬನ್ನಿ’ ಎಂದು ನನ್ನ ಮನೆಯ ವಿಳಾಸ ಹಾಕಿದ್ದೀಯಲ್ಲ, ಅದನ್ನೂ ತೆಗೆ. ಮೊದಮೊದಲು ಬಂದವರು ಮರದ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋದರು, ನಾನು ಅವರಿಗೆಲ್ಲ ಕುಡಿಯಲು ನೀರು ಕೊಟ್ಟೆ, ಈಗ ನನ್ನ ಕೈಲಾಗುವುದಿಲ್ಲ. ಇನ್ನು ನೀನು ಈ ಮನೆಗೆ ಬರುವ ಅಗತ್ಯವಿಲ್ಲ. ಅಮ್ಮನನ್ನು ನೋಡಬೇಕೆನ್ನಿಸಿದರೆ ಹೇಳಿ ಕಳಿಸು, ಬಸ್ ನಿಲ್ದಾಣಕ್ಕೆ ಕರೆದುಕೊಂಡು ಬರುತ್ತೇನೆ, ಬೆಂಚಿನ ಮೇಲೆ ಕೂತು ಮಾತಾಡಿಕೊಂಡು ಹೋಗು. ನನ್ನ ಗೇಟು ದಾಟಬೇಡ. ನೀನು ಮಗುವಾಗಿದ್ದಾಗ ನಿನ್ನನ್ನು ಸೊಂಟದಲ್ಲಿ ಹೊತ್ತು ತಿರುಗಿದವಳು ನಾನು, ಅದೇ ಬಾಯಲ್ಲಿ ಇದನ್ನು ಹೇಳುತ್ತಿದ್ದೇನೆ ಎಂದರೆ ಎಷ್ಟು ನೊಂದಿರಬೇಕು ನೀನೇ ಲೆಕ್ಕ ಹಾಕು.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಕಿವಿಗೆ ತಣ್ಣೀರು ತಾಗಿಸಬೇಡವಂತೆ. ನಿನ್ನ ಭಾವನನ್ನು ಏನಾದರೂ ಹೇಳುವುದಿದೆಯೇ ಎಂದು ಕೇಳಿದೆ. ‘ಬರೆಯುವಂಥದ್ದು ಏನೂ ಇಲ್ಲ’ ಎಂದರು. ನನ್ನ ಕಡೆಯಿಂದ ಏನೂ ಇಲ್ಲ.

ಇಂತಿ,
ನೀನು ಬ್ಲಾಕ್ ಮಾಡಿದ
ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಹರಿದು ಮತ್ತೆ ಬರೆಯುತ್ತಿದ್ದೇನೆ. ಅವಸರ, ಅಕ್ಷರ ನೋಡಬೇಡ. ಈಗಷ್ಟೇ ಒಬ್ಬ ಹೆಂಗಸು ಬಂದಿದ್ದಾಳೆ, ಅಮ್ಮನಿಗಿಂತ ದೊಡ್ಡವಳು. ಎರಡು ಬಸ್ಸು ಬದಲಿಸಿ ವಿಳಾಸ ಕೇಳಿಕೊಂಡು ಬಂದಳಂತೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಒಳಗೆ ನಿಂಬೆಯ ಟೊಂಗೆ. ಬಿಚ್ಚಬೇಡಿ ಎಂದು ಗೇಟಿನಲ್ಲೇ ಕೂಗಿಕೊಂಡೆ. ಚೀಲದ ಹೊರಗಿನಿಂದಲೇ ಕಂಡಿತು, ಅದೇ ಹುಣ್ಣು, ಅದೇ ಹಳದಿ ಉಂಗುರ. ಮನೆಯ ಹಿಂದೆ ಒಂದು ಸಾಲು ಮರ ಇವೆಯಂತೆ, ಅದರ ಕಾಯಿಯನ್ನು ಜ್ಯೂಸ್ ಅಂಗಡಿಗೆ ಕೊಟ್ಟು ಬದುಕುವವಳು. ನಿನ್ನನ್ನು ನೋಡಿ ನೋಡಿ ಒಬ್ಬಳೇ ಕಡಿದಳಂತೆ. ಮೇಡಂ ಹೇಳಿದ್ದನ್ನೆಲ್ಲ ನಾನು ಬಿಡಿಸಿ ಬಿಡಿಸಿ ಹೇಳಿದೆ. ತಲೆ ಆಡಿಸಿದಳು. ಆಮೇಲೆ ‘ಅದೆಲ್ಲ ಸರಿ ಕಣಮ್ಮಾ, ಆ ಹುಡುಗ ಎಲ್ಲಿ? ಅವನು ಹೇಳಿದ್ರೆ ನಂಗೆ ಅರ್ಥ ಆಗುತ್ತೆ’ ಎಂದಳು. ನನಗೆ ಬಂದ ಕೋಪಕ್ಕೆ ಅಳುವೇ ಬಂತು. ಅವಳಿಗೆ ನಿನ್ನ ಮೇಲೆ ಸಿಟ್ಟೇ ಇಲ್ಲ ಗಿಣಿ.

ಆದ್ದರಿಂದ ವಿಡಿಯೋ ತೆಗೆಯಬೇಡ. ಸುಮ್ಮನೆ ತೆಗೆದುಬಿಟ್ಟರೆ ಈಗಾಗಲೇ ಕಡಿದವರಿಗೆ ಏನು ಮಾಡಬೇಕೆಂದು ತಿಳಿಯುವುದೇ ಇಲ್ಲ, ನೀನು ಮಾತ್ರ ನುಣುಚಿಕೊಂಡಂತಾಗುತ್ತದೆ. ಭಾನುವಾರ ಕ್ಯಾಮೆರಾ ಹಿಡಿದು ಬಾ. ಕೊಡಲಿ ಬೀಳುವ ಮರದ ಮುಂದೆ ನಿಂತು, ಅದೇ ದನಿಯಲ್ಲಿ, ಅಷ್ಟೇ ನಿಧಾನವಾಗಿ, ಏನು ತಪ್ಪಾಯಿತು, ಈಗ ಏನು ಮಾಡಬೇಕು ಎಲ್ಲವನ್ನೂ ಹೇಳಿ, ಅದನ್ನು ಆ ವಿಡಿಯೋಗಳ ಜೊತೆಗೇ ಹಾಕು. ದರ್ಜಿ ಮಾಮ ಬೈಯುತ್ತಾನೆ, ಬೈಸಿಕೋ. ನಾನು ಮೇಲೆ ಬರೆದದ್ದರಲ್ಲಿ ವಿಡಿಯೋ ತೆಗೆಯುವ ಮಾತನ್ನೂ ಗೇಟಿನ ಮಾತನ್ನೂ ಹೊಡೆದುಹಾಕಿಕೋ, ಮಿಕ್ಕಿದ್ದೆಲ್ಲ ಹಾಗೇ ಇದೆ. ಇದನ್ನು ಪೋಸ್ಟಿಗೆ ಹಾಕುವುದಿಲ್ಲ, ನಾಳೆ ನಿನ್ನ ಭಾವನೇ ಲಾರಿಯಲ್ಲಿ ತಂದು ಕೈಗೆ ಕೊಡುತ್ತಾರೆ. ಭಾನುವಾರ ನೀನು ಇಲ್ಲಿರುತ್ತೀಯ ಎಂದು ಅವಳಿಗೆ ಮಾತು ಕೊಟ್ಟುಬಿಟ್ಟಿದ್ದೇನೆ. ‘ನಾನೇ ಎಲ್ಲೋ ತಪ್ಪು ಕತ್ತರಿಸಿರ್ಬೇಕು, ಅವನನ್ನ ಕೇಳೋಣ ಅಂತ ಬಂದೆ’ ಎನ್ನುತ್ತಾಳೆ. ತಪ್ಪು ನಿಮ್ಮದಲ್ಲ ಎಂದು ಎಷ್ಟು ಸಲ ಹೇಳಿದರೂ ನನ್ನನ್ನು ನಂಬುತ್ತಿಲ್ಲ. ನೀನೇ ಬಂದು ಹೇಳು.